ಗೇಟಿನ ಮುಂದಿನ ಹೊಳೆಯುವ ಕಲ್ಲು

ಕಲ್ಲು ಸುಟ್ಟರೆ ಒಂದು ವಾಸನೆ ಬರುತ್ತದೆ, ಪಟಾಕಿ ಹೊಡೆದ ಬೀದಿಯ ಮೇಲೆ ನಾಲ್ಕು ಹನಿ ಬಿದ್ದಂತೆ. ಹೋದ ವಾರ ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಎದುರು ಮನೆಯವರು, ಕಾರು ಹತ್ತಿಸುವ ಇಳಿಜಾರಿನ ಗ್ರಾನೈಟಿಗೆ ಗ್ಯಾಸಿನ ಬೆಂಕಿ ಹಿಡಿಸಿ ಒರಟು ಮಾಡಿಸುತ್ತಿದ್ದರು. ಹೊಳಪು ಚಟಪಟ ಸಿಡಿದು ಹೋಗುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮನೆ ಕಟ್ಟಿದ ಮೇಸ್ತ್ರಿ ನೆನಪಾದರು...

ವಿಜಯಪುರದ ಕಡೆಯವರು. ಮಾತು ಕಡಿಮೆ. ಅವರ ಹೆಸರನ್ನು ನಾನು ಕೇಳಲೇ ಇಲ್ಲ. ನನ್ನ ಫೋನಿನಲ್ಲಿ ಇಂದಿಗೂ ‘ಮೇಸ್ತ್ರಿ’ ಎಂದೇ ಇದೆ. ಮನೆ ಮುಗಿಯುತ್ತ ಬಂದಾಗ ಗೇಟಿನ ಇಳಿಜಾರಿಗೆ ಏನು ಹಾಸುವುದೆಂಬ ಮಾತು ಬಂತು. ಅವರು ಒರಟು ಸಾದರಹಳ್ಳಿ ಕಲ್ಲು ಸಾಕೆಂದರು. ನನಗೆ ಮುಖ ಕಾಣುವಂಥ ಕಪ್ಪು ಗ್ರಾನೈಟೇ ಬೇಕಿತ್ತು. ಸ್ವಂತ ಮನೆ ಎದ್ದು ನಿಲ್ಲುವ ಹೊತ್ತಿಗೆ ನನಗೆ ಎರಡು ಕೋಡು ಮೂಡಿದ್ದವು.

“ಬ್ಯಾಡ್ರಿ ಸಾರ. ನಿಮ್ಮ ಅವ್ವಾರು ದಿನಾ ನೀರ ಹಾಕಿ ರಂಗೋಲಿ ಬಿಡ್ತಾರ. ಜಾರತೈತಿ. ಹೋಗ್ಲಿ, ಬೆಂಕಿ ಹಿಡಿಸಿ ಹೊಳಪಾದ್ರೂ ತಗಸ್ತೀನಿ. ಅರ್ಧಾ ದಿನದ ಕೆಲಸ.”

“ಹೊಳಪಿಗೋಸ್ಕರ ತಾನೇ ಅದನ್ನ ತಂದಿರೋದು? ಹೇಳಿದಷ್ಟು ಮಾಡಿ,” ಅಂದೆ.

ಮಾಡಿದರು. ಅಚ್ಚುಕಟ್ಟಾಗಿಯೇ ಮಾಡಿದರು.

ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ, ಶಲ್ಯ, ತಾಂಬೂಲ ಕೊಟ್ಟು ಕಳಿಸುವುದು ಪದ್ಧತಿ. ಕೊಟ್ಟವರ ಕಣ್ಣೆದುರೇ ಉಡಬೇಕೆಂದು ಅವರು ಹೊಸ ಪಂಚೆಯನ್ನು ಆಗಲೇ ಉಟ್ಟುಕೊಂಡರು. ಬಂದವರ ಕಾಲ ಮಣ್ಣೆಲ್ಲ ಕಲ್ಲಿಗೆ ಅಂಟಿದೆಯೆಂದು ಅಮ್ಮ ಎರಡು ಬಕೆಟ್ ನೀರು ಸುರಿದು ಬಾಗಿಲಲ್ಲಿ ನಿಂತಿದ್ದಳು. ನಾನು ಗೇಟಿನ ಹತ್ತಿರ ನೆಂಟರಿಗೆ ಗ್ರಾನೈಟಿನ ಗುಣಗಾನ ಮಾಡುತ್ತಿದ್ದೆ. ಹಿಂದೆ ದೊಪ್ಪೆಂದು ಸದ್ದಾಯಿತು. ತಿರುಗಿದರೆ, ತಾವೇ ಹಾಸಿದ ಕಲ್ಲಿನ ಮೇಲೆ ಮೇಸ್ತ್ರಿ ಅಂಗಾತ ಬಿದ್ದಿದ್ದರು. ತಾಂಬೂಲದ ತೆಂಗಿನಕಾಯಿ ಉರುಳಿಕೊಂಡು ನನ್ನ ಕಾಲ ಪಕ್ಕದಲ್ಲೇ ರಸ್ತೆಗೆ ಹೋಯಿತು. ನಾಲ್ಕು ಜನ ಓಡಿ ಬಂದು ಎತ್ತಿದರು. ಆ ನಾಲ್ವರಲ್ಲಿ ನಾನಿರಲಿಲ್ಲ.

ಆ ನೋವಿನಲ್ಲೂ ಅವರು ಬಾಗಿಲ ಕಡೆ ನೋಡಿ, “ಅವ್ವಾ, ನೀವು ಅಲ್ಲೇ ನಿಂದರ್ರಿ, ಇಳೀಬ್ಯಾಡ್ರಿ,” ಅಂದರು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಒಂದು ಸಲ ಬಾಯಿ ತುಂಬ ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಬೈಯಲಿಲ್ಲ. ಸಾರ್ವೆ ಹತ್ತುವ ಕೆಲಸ ಅಲ್ಲಿಗೆ ಮುಗಿದು, ಊರಿಗೆ ಹೋದರು. ನಾನು ಕಲ್ಲಿನ ಮೇಲೆ ರಬ್ಬರ್ ಮ್ಯಾಟ್ ಹಾಸಿದೆ. ಕೆಳಗೆ ಆ ಹೊಳಪು ಹಾಗೇ ಇತ್ತು. ಒಮ್ಮೆ ಫೋನ್ ಮಾಡಬೇಕು, ಮಾಡಬೇಕು ಎನ್ನುತ್ತಲೇ ವರ್ಷಗಳು ಸರಿದವು...

ಹೋದ ವಾರ ಎದುರು ಮನೆಯ ಕಲ್ಲಿಗೆ ಬೆಂಕಿ ಹಿಡಿಸಿದವನನ್ನೇ ಕರೆದು ಮ್ಯಾಟ್ ಎತ್ತಿಸಿದೆ. ಬೆಳಿಗ್ಗೆ ಶುರು ಮಾಡಿದವನು ಊಟದ ಹೊತ್ತಿಗೆ ಮುಗಿಸಿ ಸಿಲಿಂಡರ್ ಎತ್ತಿಕೊಂಡ. ಮೇಸ್ತ್ರಿ ಹೇಳಿದ್ದಂತೆ, ಅರ್ಧ ದಿನ.

ಆಗಲೇ ಫೋನ್ ಮಾಡಿದೆ. ಅವರ ಮಗಳು ಎತ್ತಿದಳು. ಚಂದ್ರಾ ಲೇಔಟಿನ ಮನೆಯಿಂದ ಅಂದೆ.

“ಅಪ್ಪ ತೀರಿಕೊಂಡು ಎರಡ ವರ್ಷ ಆತ್ರಿ.”

ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು: “ಆ ಕಲ್ಲಿನ ಹೊಳಪ ತಗಿಸಿದ್ರೇನ್ರಿ? ಮಳಿಗಾಲ ಬಂತಂದ್ರ ಅಪ್ಪಗ ನಿಮ್ಮ ಅವ್ವಾರ್ದ ಚಿಂತಿ.”

“ಇವತ್ತು ತೆಗೆಸ್ದೆ ಕಣಮ್ಮ,” ಅಂದೆ.

ಈಗ ಅಮ್ಮ ದಿನಾ ಬರಿಗಾಲಿನಲ್ಲೇ ಇಳಿದು ನೀರು ಹಾಕುತ್ತಾಳೆ. ಒರಟು ಕಲ್ಲಿನ ಮೇಲೆ ರಂಗೋಲಿಯ ಎಳೆ ನೆಟ್ಟಗೆ ಕೂರುವುದಿಲ್ಲವೆಂದು ಗೊಣಗುತ್ತಾಳೆ. ಇವತ್ತು ಬೆಳಿಗ್ಗೆ ತಲೆಯೆತ್ತದೆ ಕೇಳಿದಳು: “ಮೇಸ್ತ್ರಿಗೆ ಫೋನ್ ಮಾಡಿ ಹೇಳಿದ್ಯೇನೋ?”

“ಮಾಡಿದ್ದೆ.”

“ಏನಂದ್ರು?”

“ನಿನ್ನ ಚಿಂತೇನೇ ಮಾಡ್ತಿದ್ರಂತೆ,” ಅಂದೆ. ಅದು ಸುಳ್ಳಲ್ಲ. ಉಳಿದದ್ದನ್ನು ಹೇಳಲು ನನಗಿನ್ನೂ ಬಾಯಿ ಬಂದಿಲ್ಲ.