ಹಿಂದಿನಿಂದ ಕರೆದ ಅತ್ತೆ

ಕದ್ರಾ ಹಿನ್ನೀರಿನ ದಡದಲ್ಲಿ ಹತ್ತಿಪ್ಪತ್ತು ಮನೆಗಳ ಒಂದು ಊರು. ಅಲ್ಲೊಂದು ಮನೆಯಲ್ಲಿ ಕೋಣೆ ಹಿಡಿದು, ನಾಲ್ಕು ದಿನ ಸುತ್ತಲಿನ ಕಾಡು ಅಲೆಯಬೇಕೆಂದು ನಾನೂ ನನ್ನ ಗಂಡನೂ ಕಾರವಾರದಿಂದ ಹೊರಟಾಗ, ಅತ್ತೆಯನ್ನೂ ಕರೆದುಕೊಂಡು ಹೋಗೋಣ ಎಂದವಳು ನಾನೇ. ಕಡಲ ದಡದ ಕೇಣಿಯಲ್ಲಿ ಹುಟ್ಟಿ ಕೇಣಿಯಲ್ಲೇ ಮೀನು ಮಾರಿದ ಜೀವ, ಕಾಡು ನೋಡಿದ್ದೇ ಇಲ್ಲ. "ಅವ್ವಿಗೆ ಏನಾದ್ರೂ ಆದ್ರೆ ನೀನೇ ಜವಾಬ್ದಾರಿ," ಎಂದರು ಇವರು. ಆಗಲಿ ಮಾರಾಯ್ರೇ, ಎಂದೆ. ನನ್ನ ಬಾಯಿಗೆ ಬೀಗ ಇದ್ದರೆ ತಾನೆ!

ಮೊದಲ ದಿನವೇ ಎಡವಟ್ಟು. ಮುಂದೆ ಇವರು, ನಡುವೆ ನಾನು, ಹಿಂದೆ ಅತ್ತೆ. ಬಿದಿರುಮೆಳೆ ದಾಟಿ ತಿರುಗಿ ನೋಡಿದರೆ ಅತ್ತೆಯಿಲ್ಲ. ಕರಡಿ ಓಡಾಡುವ ಜಾಗ ಎಂದು ಮನೆಯ ಯಜಮಾನಿ ಬೆಳಿಗ್ಗೆಯಷ್ಟೇ ಹೇಳಿದ್ದರು. "ಅತ್ತೇ!" ಎಂದು ಕೂಗುತ್ತ ಬಂದ ದಾರಿಯಲ್ಲೇ ಓಡಿದೆ. ದೇವರೇ, ಇವರ ಮುಖ ಹೇಗೆ ನೋಡಲಿ ಎಂದು ಅಳುವೇ ಬಂತು.

"ಓ, ಇಲ್ಲಿದ್ದೆ!" ಹಳ್ಳದ ಬಂಡೆಯ ಮೇಲೆ, ಬಾರು ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಅತ್ತೆ ಆರಾಮಾಗಿ ಕೂತಿದ್ದರು. ಹೋದ ಜೀವ ಬಂತು. ಬೆನ್ನಿಗೇ ಸಿಟ್ಟೂ ಬಂತು.

"ಒಂದು ಕೂಗು ಹಾಕಬಾರದಾಗಿತ್ತಾ?"

"ಹೊರಟವ್ರನ್ನ ಹಿಂದಿಂದ ಕರಿಯೂದುಂಟೇನೆ? ನಿನ್ನ ಮಾವ ದೋಣಿಗೆ ಹೋಗುವಾಗ ಒಂದಿನಾನೂ ಕರ್ದವಳಲ್ಲ ನಾನು."

"ಇದು ಸಮುದ್ರ ಅಲ್ಲ ಅತ್ತೆ, ಕಾಡು!"

"ಎಲ್ಲಾದ್ರೇನು, ಹೋದವ್ರು ತಿರುಗಿ ಬರೂದು ಬ್ಯಾಡ್ವೇ?"

ನನ್ನ ಹಿಂದೆಯೇ ಓಡಿಬಂದ ಇವರು ಖಡಾಖಂಡಿತವಾಗಿ ಹೇಳಿಬಿಟ್ಟರು, ನಾಳೆಯಿಂದ ಅವ್ವಿ ಮನೆಯಲ್ಲೇ ಇರಲಿ ಎಂದು. ಅತ್ತೆ ಎದುರಾಡಲಿಲ್ಲ. ಊಟಕ್ಕೆ ಹಿನ್ನೀರಿನ ಮೀನಿನ ಸಾರು ಬಡಿಸಿದಾಗ, ಸಿಹಿನೀರಿನ ಮೀನಿಗೆ ಎಂಥಾ ರುಚಿ ಎಂಬ ತಕರಾರನ್ನೂ ತೆಗೆಯಲಿಲ್ಲ. ಅದನ್ನು ನೋಡಿಯೇ ನನ್ನ ಕರುಳು ಚುರುಕ್ಕೆಂದಿತು.

ಮರುದಿನ ನಾವಿಬ್ಬರೇ ಹೊರಟೆವು. ಅತ್ತೆ ಜಗುಲಿಯಲ್ಲಿ ಕೂತು ಕಿತ್ತ ಚಪ್ಪಲಿಯನ್ನು ತಿರುಗಿಸಿ ನೋಡುತ್ತಿದ್ದರು. ನೀರಿನಂಚು ಹಿಡಿದು ತಿರುವಿನವರೆಗೆ ಹೋಗಿದ್ದೆವು. ಆಗ ಹಿಂದಿನಿಂದ, ಕೇಣಿಯಲ್ಲಿ ಗಿರಾಕಿಗಳನ್ನು ಕರೆಯುತ್ತಿದ್ದ ಅದೇ ದನಿ:

"ಏ, ನಿಲ್ರೋ! ನಾನೂ ಬತ್ತೆ!"

ಇವರು ನಿಂತೇಬಿಟ್ಟರು. ಹೊರಟವರನ್ನು ಅವ್ವಿ ಹೀಗೆ ಕರೆದದ್ದನ್ನು ಅವರು ಹುಟ್ಟಿದಾರಭ್ಯ ಕೇಳಿರಲಿಲ್ಲ. ಕಿತ್ತ ಬಾರಿಗೆ ಬಲೆಯ ದಾರ ಬಿಗಿದುಕೊಂಡು ಅತ್ತೆ ದಾಪುಗಾಲು ಹಾಕುತ್ತ ಬರುತ್ತಿದ್ದರು. ಅಬ್ಬಾ, ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಇವರು ಪಕ್ಕಕ್ಕೆ ಸರಿದು ಅವ್ವಿಯನ್ನು ಮುಂದೆ ಬಿಟ್ಟರು.