ಚಿಕ್ಕಮಾರಯ್ಯನ ರಟ್ಟಿನ ಪಟ್ಟಿಗಳು

ಚಿಕ್ಕಮಾರಯ್ಯ ಮೊನ್ನೆ ಮಂಗಳವಾರ ಬೆಳಗಿನ ಜಾವ ಎದೆನೋವಿನಿಂದ ತೀರಿಕೊಂಡ. ನಲವತ್ತೊಂಬತ್ತು ವರ್ಷ.

ಊರು ಬ್ಯಾಟರಾಯನಪುರ. ಯಶವಂತಪುರದಾಚೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಪಾಳಿಯ ಆಪರೇಟರಾಗಿದ್ದ. ನಾನು ಯಲಹಂಕದಲ್ಲಿ ಲೆಕ್ಕದ ಮೇಷ್ಟ್ರು, ಅವನ ಪಕ್ಕದ ಮನೆಯವನು.

ಈ ವರ್ಷ, ಸಾವಿರದೊಂಬೈನೂರ ಅರವತ್ತಾರರಲ್ಲಿ, ಜಲಾಶಯಗಳು ಇಳಿದು ಕರೆಂಟು ಸಾಲದಾಯಿತು. ಇವತ್ತು ಇಷ್ಟು ಕಡಿಮೆ ಮಾಡಿ ಎಂದು ದಿನವೂ ಮೇಲಿನಿಂದ ಫೋನು ಬರುತ್ತಿತ್ತು. ಅವನ ಕೈಕೆಳಗೆ ನಾಲ್ಕು ಲೈನುಗಳಿದ್ದವು. ಮೂರರಲ್ಲಿ ಯಾವುದರ ಕರೆಂಟು ತೆಗೆದರೂ ಯಾರಾದರೂ ದೊಡ್ಡವರು ಕೂಗಾಡುತ್ತಿದ್ದರು. ನಾಲ್ಕನೆಯದು ನಮ್ಮ ಹಳ್ಳಿಗಳದು. ಇಲ್ಲಿ ಯಾರ ಮನೆಯಲ್ಲೂ ಫೋನಿಲ್ಲ. ಹಾಗಾಗಿ ದಿನಾ ಅದೇ ಹೋಗುತ್ತಿತ್ತು, ಹಗಲಲ್ಲಿ ಆರು ಗಂಟೆ ಹೊತ್ತು. ತೆಗೆಯುವ ಕೈ ಮಾತ್ರ ಇವನದು.

‘ಏನಪ್ಪಾ ಕರೆಂಟಪ್ಪಾ, ಇವತ್ತೂ ನಮಗೇ ನಾಮಾನಾ?’ ಎನ್ನುತ್ತಿದ್ದರು ಬೀದಿಯವರು. ಅವನು ತಲೆ ತಗ್ಗಿಸಿಕೊಂಡು ಸೈಕಲ್ ತಳ್ಳುತ್ತಿದ್ದ.

ನಾಲ್ಕೂ ಲೈನಿಗೆ ಸರದಿ ಹಾಕಿ ಎಂದು ಇಂಜಿನಿಯರನ್ನು ಕೇಳಿದ. ‘ಸಾಲುತ್ತೆ ಅಂತ ತೋರ್ಸಯ್ಯ, ಹಾಕೋಣ’ ಎಂದರು ಅವರು.

ತೋರಿಸಲು ನಾವಿಬ್ಬರೂ ಕ್ಯಾಲೆಂಡರಿನ ರಟ್ಟು ಕತ್ತರಿಸಿದೆವು. ಲೈನಿಗೆ ಅರ್ಧ ಗಂಟೆಗೊಂದು ಪಟ್ಟಿ. ಹೆಚ್ಚು ಕರೆಂಟು ಎಳೆಯುವ ಹೊತ್ತಿಗೆ ಉದ್ದದ್ದು. ಆಯಾ ಹೊತ್ತಿನ ನಾಲ್ಕು ಲೈನಿನ ಪಟ್ಟಿಗಳನ್ನು ಹಲಗೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಒಂದರ ತುದಿಗೊಂದು ಮೊಳೆ ಹೊಡೆದು, ಸಿಗುವ ಕರೆಂಟಿನ ಎತ್ತರಕ್ಕೆ ಅಡ್ಡ ದಾರ ಕಟ್ಟಿದೆವು. ದಾರ ದಾಟಿದ ಹೊತ್ತಿನಲ್ಲಿ ಯಾವುದಾದರೂ ಒಂದು ಪಟ್ಟಿ ಕೀಳಬೇಕು. ಹದಿನೈದು ದಿನ ಕಿತ್ತು, ಹೊಡೆದು ನೋಡಿದೆವು. ಒಂದೊಂದು ಲೈನನ್ನು ಒಂದೂವರೆ ಗಂಟೆ ತೆಗೆದರೆ ಸಾಕಿತ್ತು.

ಇಂಜಿನಿಯರು ಒಪ್ಪಿದರು. ಮೊದಲ ದಿನವೇ ಕೆಟ್ಟಿತು. ಒಂಬತ್ತಕ್ಕೆ ಹಳ್ಳಿಯ ಲೈನನ್ನು ಮತ್ತೆ ಕೊಟ್ಟಾಗ ಮೀಟರಿನ ಮುಳ್ಳು ನಮ್ಮ ಪಟ್ಟಿಯ ಎರಡರಷ್ಟಕ್ಕೆ ಹಾರಿ, ನಾಲ್ಕೂ ಲೈನಿನ ಕರೆಂಟು ಒಟ್ಟಿಗೆ ಬಿದ್ದುಹೋಯಿತು. ‘ರಟ್ಟು ತಗೊಂಡೋಗಿ ಒಲೆಗೆ ಹಾಕಯ್ಯ’ ಎಂದರು ಇಂಜಿನಿಯರು. ಮತ್ತೆ ಹಳ್ಳಿಗೇ ಆರು ಗಂಟೆ.

ಅವನಿಗೆ ಆಗಲೇ ಮುಖ ಕಪ್ಪಿಟ್ಟಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಆದರೂ ರಜೆಯ ದಿನ ಕೊಡಿಗೇಹಳ್ಳಿಯ ಲಾಲ್ ಸಾಬರ ಹಿಟ್ಟಿನ ಗಿರಣಿಗೆ ಹೋಗಿ ಕೂತ. ನಾನೂ ಹೋಗಿದ್ದೆ. ಕರೆಂಟು ಹೋಯಿತು. ಗಿರಣಿ ನಿಂತಿತು, ರಾಗಿ ತಂದವರು ಎದ್ದು ಹೋಗಲಿಲ್ಲ. ಇನ್ನಷ್ಟು ಜನ ಬಂದರು. ಮೋಟಾರು ಹಾಕುವ ಸ್ಟಾರ್ಟರಿನ ಹಿಡಿ ಕರೆಂಟು ಹೋದಾಗ ತಾನೇ ಕೆಳಗೆ ಬೀಳದಂತೆ ಲಾಲ್ ಸಾಬರು ಅದನ್ನು ಹಗ್ಗದಿಂದ ಬಿಗಿದಿದ್ದರು.

‘ಕರೆಂಟಿಲ್ಲ, ಬಿಚ್ಚಬಾರ್ದಾ ಸಾಬ್ರೇ?’

‘ಬಿಚ್ಚಿಬಿಟ್ರೆ ಕರೆಂಟ್ ಬಂದಿದ್ದು ನಂಗೆ ಹೆಂಗೆ ಗೊತ್ತಾಗ್ಬೇಕು ಚಿಕ್ಕಣ್ಣಾ? ನೀನು ಬಂದು ಹೇಳ್ತೀಯಾ?’

ಸುತ್ತಲಿನ ಬಾವಿಗಳ ಮೋಟಾರುಗಳಿಗೂ ಹಾಗೇ ಹಗ್ಗ. ಅವನು ಎದ್ದು ಹೋಗಿ ಒಂದೆರಡನ್ನು ನೋಡಿ ಬಂದ. ಆಮೇಲೆ ಹೇಳಿದ: ‘ಮೇಷ್ಟ್ರೇ, ನಾವು ಕಿತ್ತ ಪಟ್ಟಿ ಎಲ್ಲೂ ಹೋಗಿರ್ಲಿಲ್ಲ. ಇಲ್ಲೇ ಕ್ಯೂ ನಿಂತಿತ್ತು.’

ಕರೆಂಟು ಬಂದೊಡನೆ ಎಲ್ಲ ಮೋಟಾರೂ ಒಟ್ಟಿಗೆ ಓಡುವ ಗಳಿಗೆಗೆ ಉದ್ದದ ಪಟ್ಟಿಯೊಂದನ್ನು ಸೇರಿಸಿದೆವು. ಮೊದಲು ಗಿರಣಿ, ಕಾಲು ಗಂಟೆ ಬಿಟ್ಟು ಬಾವಿ ಎಂದರೆ ಮಾತ್ರ ಅದು ದಾರದ ಕೆಳಗೆ ನಿಲ್ಲುತ್ತಿತ್ತು. ಇಂಜಿನಿಯರು ಇನ್ನೊಂದೇ ದಿನ ಕೊಟ್ಟರು, ಮಂಗಳವಾರ. ಆ ಬೆಳಗಿನ ಜಾವವೇ ಅವನು ತೀರಿಕೊಂಡ ಮೇಲೆ ಅದನ್ನು ನಡೆಸುವವರಿರಲಿಲ್ಲ. ಇವತ್ತೂ ನಮ್ಮ ಲೈನು ಆರು ಗಂಟೆ ಹೋಗಿತ್ತು.

ಅದರ ಹಿಂದಿನ ದಿನ, ಸೋಮವಾರ, ಮಧ್ಯಾಹ್ನದಿಂದ ಅವನು ಬಾವಿಯಿಂದ ಬಾವಿಗೆ ನಡೆದ. ‘ನಾಳೆ ಒಂಬತ್ತಕ್ಕೆ ಕರೆಂಟು. ಬಲ್ಬ್ ಹತ್ತುತ್ತೆ, ನೋಡ್ಕೊಳ್ಳಿ. ಒಂಬತ್ತೂಕಾಲಕ್ಕೆ ಮೋಟಾರು ಹಾಕಿ.’ ಬೈದವರೂ ಕೊನೆಗೆ ಹಗ್ಗ ಬಿಚ್ಚಿದರು. ನಮ್ಮ ಮನೆಗಳ ಹಿಂದಿನ ಬಾವಿಗೆ ಬಂದಾಗ ಹೊತ್ತು ಇಳಿದಿತ್ತು. ಬಾವಿ ಮುನಿವೆಂಕಟಮ್ಮನದು. ಆಕೆ ಒಪ್ಪಲಿಲ್ಲ.

‘ಅಗ್ಗ ಬಿಚ್ಚಿದ್ರೆ ಇಡಿ ಎಳೆಯೋರ್ಯಾರು? ನನ್ ಮಗ ಕೆಲ್ಸಕ್ಕೋಗಿರ್ತಾನೆ. ಆ ಡಬ್ಬಿ ಕಂಡ್ರೆ ನಂಗೆ ಬಯ ಕಣಪ್ಪ.’

‘ನಾನು ಡ್ಯೂಟೀಲಿರ್ತೀನಮ್ಮ. ನನ್ನವಳನ್ನ ಕಳಿಸ್ತೀನಿ.’

ಸೊಣ್ಣಮ್ಮನನ್ನು ಕೂಗಿದ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ‘ನಾನಾ? ನಾನೇನ್ ಇಂಜಿನೇರಾ?’ ಎಂದು ನಕ್ಕಳು.

ಲೈನಿನಲ್ಲಿ ಕರೆಂಟಿರಲಿಲ್ಲ. ಅವನು ಗೋಡೆಗೆ ಒರಗಿ ನಿಂತು, ಅವಳ ಕೈಯನ್ನು ಹಿಡಿಯ ಮೇಲಿಟ್ಟು ಅದರ ಮೇಲೆ ತನ್ನ ಕೈ ಇಟ್ಟ. ಮೊದಲು ಕೆಳಕ್ಕೆ ಒತ್ತಿಸಿದ. ಸದ್ದು ಹದಕ್ಕೆ ಬರುವ ತನಕ ತಡಿ ಎಂದು ಬಾಯಲ್ಲೇ ಮೋಟಾರಿನ ಸದ್ದು ಮಾಡಿ ತೋರಿಸಿದ. ಆಮೇಲೆ ಮೇಲಕ್ಕೆ ಎಳೆಸಿದ. ಅವಳಿಗೆ ಬರುವವರೆಗೂ ಹಾಗೇ ಮಾಡಿಸಿದ, ನಾಲ್ಕು ಸಲ.