ಉಂಡ ಮನೆಯಲ್ಲಿ ಮಿಲ್ಲಿಂಗ್ ಮೆಷಿನ್ ಕೊಂಡಿದ್ದು

ಎಡಪ್ಪಳ್ಳಿಯಲ್ಲಿ ಬಸ್ಸಿಳಿದಾಗ ನನ್ನ ಬಟ್ಟೆಚೀಲದಲ್ಲಿ ಅರ್ಧ ಇಟ್ಟಿಗೆಯಷ್ಟು ದೊಡ್ಡ ಬೀಡುಕಬ್ಬಿಣದ ತುಂಡೊಂದಿತ್ತು. ತಿರುವನಂತಪುರದ ತಂಪಾನೂರಿನಿಂದ ಬೆಳಗಿನ ಜಾವದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದೆ.

ಕಬ್ಬಿಣ ಹೆರೆದು ಮಟ್ಟ ಮಾಡುವ ಹಳೇ ಮಿಲ್ಲಿಂಗ್ ಮೆಷಿನ್ ನೋಡಲು ಹೋಗುವವನು, ಅದರಲ್ಲಿ ಹೆರೆಸಿ ನೋಡಲು ತನ್ನ ಕಬ್ಬಿಣ ತಾನೇ ಒಯ್ಯಬೇಕು. ಮಾರುವವನು ತೋರಿಸುವ ತುಂಡು ಯಾವಾಗಲೂ ಚೆನ್ನಾಗಿಯೇ ಇರುತ್ತದೆ!

ಮೊನ್ನೆ ಈ ಗುಂಪಿನಲ್ಲೇ ಒಬ್ಬರು, ಕಡಿಮೆ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್, ತಗೋಬಹುದಾ ಅಂತ ಕೇಳಿದ್ದರು. ಅದನ್ನು ಓದಿ ಇದು ನೆನಪಾಯಿತು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಆಗ ನಮಗೆ ಸಿಕ್ಕುತ್ತಿದ್ದದ್ದು ಕೈಯಲ್ಲಿ ಹಿಡಿಕೆ ತಿರುಗಿಸುವ ಮೆಷಿನ್ನೇ.

ನಾನು ಬೆಂಗಳೂರಲ್ಲಿ ಮಿಲ್ಲಿಂಗ್ ಕಲಿತವನು. ತಿರುವನಂತಪುರದಲ್ಲಿ ಅಕ್ಕ-ಭಾವ ಇದ್ದರು, ಭಾವನಿಗೆ ಸೆಂಟ್ರಲ್ ಗೌರ್ನಮೆಂಟ್ ಕೆಲಸ. ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ವಂತ ವರ್ಕ್‌ಶಾಪ್ ಹಾಕುವುದು ನನ್ನ ಆಸೆ. ನೀರಿನ ಪಂಪ್ ತಯಾರಿಸುವವರೊಬ್ಬರು ಕೆಲಸ ಕೊಡುತ್ತೇನೆ ಎಂದಿದ್ದರು.

ನನ್ನ ಉಳಿತಾಯಕ್ಕೆ ಭಾವನ ಪಿ.ಎಫ್. ಸಾಲ ಸೇರಿಸಿದರೆ ಒಂದು ಹಳೇ ಮೆಷಿನ್ ಬರುತ್ತಿತ್ತು. ಅದು ಕೈಕೊಟ್ಟರೆ ಇನ್ನೊಂದಕ್ಕೆ ದಾರಿ ಇರಲಿಲ್ಲ. ನಾನು ವಾಪಸ್ ಬೆಂಗಳೂರಿಗೆ, ಭಾವ ಸಾಲದ ಕಂತಿಗೆ... ಅಷ್ಟೇ.

ಮಾರುವವರು ಎಡಪ್ಪಳ್ಳಿಯ ವರ್ಕಿ ಚೇಟ್ಟನ್, ಅಂದರೆ ವರ್ಕಿ ಅಣ್ಣ. ಅಂಬಲಮುಗಳ್ ಕಡೆಯ ಫ್ಯಾಕ್ಟರಿಗಳ ಕೆಲಸಗಳು ಸಿಗತೊಡಗಿ ದೊಡ್ಡ ಮೆಷಿನ್ ತರಿಸುತ್ತಿದ್ದರು, ಹಾಗಾಗಿ ಇದನ್ನು ಕೊಡುತ್ತಿದ್ದರು. ಮನೆಗೆ ತಾಗಿಕೊಂಡೇ ಅವರ ವರ್ಕ್‌ಶಾಪ್.

ನಾನೂ ಭಾವನೂ ತಲುಪಿದಾಗ ಮಧ್ಯಾಹ್ನ. ಮೆಷಿನ್ ಆಮೇಲೆ, ಮೊದಲು ಊಟ ಅಂದರು. ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಎಲೆ ಹಾಕಿಯಾಗಿತ್ತು.

ನಾವು ಮೀನು ತಿನ್ನುವವರಲ್ಲ ಅಂತ ಅವರಿಗೆ ಗೊತ್ತಿತ್ತು. ಮನೆಯ ಪಾತ್ರೆಗಳಿಗೆ ಮೀನಿನ ವಾಸನೆ ಇರುತ್ತದೆ ಎಂದು ಅವರ ಹೆಂಡತಿ (ಚೇಚಿ ಅಂದೆವು, ಅಂದರೆ ಅಕ್ಕ) ಹೊಸ ಮಣ್ಣಿನ ಗಡಿಗೆಗಳನ್ನು ತಂದು ಅಡುಗೆ ಮಾಡಿದ್ದರು. ಕೆಂಪಕ್ಕಿ ಅನ್ನ, ನಮ್ಮ ಮಜ್ಜಿಗೆಹುಳಿಯಂಥ ಮೋರು ಕರಿ, ಅಲಸಂದೆ ಪಲ್ಯ, ಹಪ್ಪಳ. ಸಂಕೋಚ ಬಿಟ್ಟು ಉಂಡೆವು.

ಕೈತೊಳೆದು ಶೆಡ್ಡಿಗೆ ಹೋದರೆ ಮೆಷಿನ್ನಿಗೆ ಹೊಸ ಹಸಿರು ಬಣ್ಣ. ವರ್ಕಿ ಚೇಟ್ಟನ್ ಸ್ವಿಚ್ ಹಾಕಿದರು. ಸದ್ದೇನೋ ಚೆನ್ನಾಗಿತ್ತು, ಆದರೆ ಖಾಲಿ ತಿರುಗುವ ಮೆಷಿನ್ನುಗಳೆಲ್ಲ ಸಾಧುಗಳೇ.

ನಾನು ಚೀಲಕ್ಕೆ ಕೈಹಾಕಿದೆ. ಭಾವ ನನ್ನ ಮಣಿಕಟ್ಟು ಹಿಡಿದರು.

"ಉಂಡ ಮನೆ ಜಂತಿ ಎಣಿಸಬಾರದು ಕಣೋ. ನಮಗೋಸ್ಕರ ಹೊಸ ಗಡಿಗೆ ತಂದಿದಾರೆ. ಈಗ ಕಬ್ಬಿಣ ತೆಗೆದು ನಿಮ್ಮನ್ನ ನಂಬಲ್ಲ ಅಂತೀಯಾ?"

"ಭಾವ, ನಾಳೆ ಇದರ ಮುಂದೆ ನಿಲ್ಲೋನು ನಾನು."

"ಸುಮ್ನಿರೋ. ಮರ್ಯಾದೆ ಅಂತ ಒಂದಿದೆ."

ನನಗೆ ಮೈಯೆಲ್ಲ ಉರಿಯಿತು. ಆದರೆ ಸಾಲ ಮಾಡಿದವರು ಅವರು, ವಯಸ್ಸಿನಲ್ಲಿ ಹಿರಿಯರು. ಚೀಲವನ್ನು ಜಗಲಿಯ ಮೇಲಿಟ್ಟು ಬಂದೆ. ಭಾವ ದುಡ್ಡು ತೆಗೆಯಲು ಶರ್ಟಿನ ಒಳಜೇಬಿಗೆ ಕೈಹಾಕಿದರು.

ಅಷ್ಟರಲ್ಲಿ ಚೇಚಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾರೆ... ಎರಡೂ ಕೈಯಲ್ಲಿ ನನ್ನ ಕಬ್ಬಿಣದ ತುಂಡು! ಅಕ್ಕನಿಗೆಂದು ಹಲಸಿನ ಚಿಪ್ಸ್ ಪೊಟ್ಟಣ ಇಡಲು ಚೀಲ ಎತ್ತಿದರೆ ಅಷ್ಟು ಭಾರ, ಏನಿದೆ ಅಂತ ನೋಡಿದ್ದಾರೆ.

"ಇದೆಂದಾ?" ಎಂದರು, ಇದೇನು ಅಂತ.

ಭಾವನ ಕಿವಿ ಕೆಂಪಾಯಿತು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ನನ್ನ ಹರುಕುಮುರುಕು ಮಲಯಾಳದಲ್ಲಿ. "ಮೆಷಿನ್ ಟೆಸ್ಟ್ ಮಾಡೋಕೆ ತಂದಿದ್ದೆ, ಚೇಚಿ. ಊಟ ಮಾಡಿದ ಮೇಲೆ ಕೇಳೋಕೆ ಸಂಕೋಚ ಆಯ್ತು."

ಅವರು ನನ್ನನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು, ತುಸು ಹೆಚ್ಚು ಹೊತ್ತು.

ನಂತರ ನೇರವಾಗಿ ಬಂದು ತುಂಡನ್ನು ಮೆಷಿನ್ನಿನ ಟೇಬಲ್ ಮೇಲಿಟ್ಟರು. "ಊಣು ವೇರೆ, ಕಚ್ಚೋಡಂ ವೇರೆ" ಎಂದರು. ಊಟ ಬೇರೆ, ವ್ಯಾಪಾರ ಬೇರೆ. ಹೇಳಿದ್ದು ನಮಗಲ್ಲ, ಗಂಡನಿಗೆ.

ವರ್ಕಿ ಚೇಟ್ಟನ್ ತಾವೇ ತುಂಡನ್ನು ಟೇಬಲ್ಲಿನ ಒಂದು ತುದಿಯಲ್ಲಿ ಬಿಗಿದು ಕಟ್ಟರ್ ಓಡಿಸಿದರು. ಮೇಲ್ಮೈ ಕನ್ನಡಿಯಷ್ಟು ನಯವಾಗಿ ಬಂತು.

ಟೇಬಲ್ಲಿನ ನಡುವೆ ಕಟ್ಟಿ ನೋಡೋಣ ಅಂದೆ. ಮೆಷಿನ್ ಸವೆಯುವುದು ಅಲ್ಲೇ, ದಿನಾ ಕೆಲಸ ನಡೆಯುವ ಜಾಗದಲ್ಲಿ.

ನಡುವೆ ಕಟ್ಟಿ ಕಟ್ಟರ್ ಓಡಿಸಿದ್ದೇ ತಡ, ಮೆಷಿನ್ ಗಡಗಡ ನಡುಗಿತು. ಕಬ್ಬಿಣದ ಮೇಲೆ ಶಾವಿಗೆ ಹಾಸಿದಂತೆ ಗೆರೆಗಳು. ಹಿಡಿಕೆ ಹಿಂದಕ್ಕೆ ತಿರುಗಿಸಿದರೆ ಅದು ಸುಮ್ಮನೆ ತಿರುಗುತ್ತದೆ, ಟೇಬಲ್ ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಟೇಬಲ್ ಸರಿಸುವ ಒಳಗಿನ ಉದ್ದನೆಯ ಸ್ಕ್ರೂ ಸವೆದುಹೋಗಿತ್ತು.

"ನಡುವಲ್ಲಿ ಸ್ವಲ್ಪ ಸವೆತ ಇದೆ" ಎಂದರು ವರ್ಕಿ ಚೇಟ್ಟನ್, ನೆಲ ನೋಡುತ್ತಾ. ಗೊತ್ತಿತ್ತು ಅವರಿಗೆ.

ಚೇಚಿ ಒಳಗೆ ಹೋಗಲಿಲ್ಲ. ಮಾತು ಮುಗಿಯುವವರೆಗೂ ಸೆರಗಿಗೆ ಕೈ ಒರೆಸುತ್ತಾ ಅಲ್ಲೇ ನಿಂತಿದ್ದರು. ಹೊಸ ಸ್ಕ್ರೂಗೆ ಬೀಳುವ ಖರ್ಚನ್ನು ಬಿಟ್ಟು ಉಳಿದದ್ದು ಕೊಡಿ ಎಂದರು ವರ್ಕಿ ಚೇಟ್ಟನ್. ಭಾವ ಕೊಟ್ಟರು. ಮೆಷಿನ್ ಲಾರಿಯಲ್ಲಿ ಬಂತು, ಸ್ಕ್ರೂ ಹಾಕಿಸಿದೆ, ಅದು ನನಗೆ ಬಹಳ ವರ್ಷ ಅನ್ನ ಹಾಕಿತು.

ವಾಪಸ್ ಬರುವಾಗ ಬಸ್ಸು ಆಲಪ್ಪುಳ ದಾಟಿದ ಮೇಲೆ ಭಾವ ನಿಧಾನವಾಗಿ ಹೇಳಿದರು, "ಆಯಮ್ಮ ಹಾಕಿದ್ದು ಬರೀ ಊಟಾನೇ ಕಣೋ. ಅದನ್ನ ಋಣ ಮಾಡ್ಕೊಂಡೋನು ನಾನು."

ವರ್ಕಿ ಚೇಟ್ಟನ್ ಊಟ ಹಾಕಿಸಿದ್ದು ನಮ್ಮ ಬಾಯಿ ಮುಚ್ಚಿಸಲೇ? ನನಗೆ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯ ಮನುಷ್ಯ. ಆದರೆ ಆ ಅನುಮಾನ ಒಂದು ಕ್ಷಣ ಚೇಚಿಗೇ ಬಂದಿತ್ತು, ಮುಖದಲ್ಲಿ ಕಂಡಿದ್ದೆ. ಮನೆಗೆ ಬರುವ ದುಡ್ಡು ಕಡಿಮೆಯಾದರೂ ಸರಿ, ತಾನು ಬಡಿಸಿದ ಅನ್ನ ಲಂಚವಾಗಬಾರದು ಎಂದು ನಿಂತವರು ಅವರು.

ಊಟ ಹಾಕಿದವರನ್ನು ಪರೀಕ್ಷೆ ಮಾಡುವುದು ತಪ್ಪಾ, ಮಾಡದೆ ಒಳಗೊಳಗೇ ಅನುಮಾನ ಪಡುವುದು ತಪ್ಪಾ... ನೀವೇನಂತೀರಿ?